ಮೂವತ್ತು ಸೆಕೆಂಡುಗಳ ಮನೆವಾರ್ತೆ

ಧಾರಾವಾಹಿಯ ನಡುವೆ ಜಾಹೀರಾತು ಬಂದೊಡನೆ ನಾವು ನೀರು ಕುಡಿಯಲು ಏಳುತ್ತೇವೆ, ಇಲ್ಲವೇ ರಿಮೋಟ್ ಒತ್ತಿ ಬೇರೊಂದು ವಾಹಿನಿಗೆ ದಾಟುತ್ತೇವೆ. ಆದರೂ ಬಟ್ಟೆ ಒಗೆಯುವ ಪುಡಿ, ಪಾತ್ರೆ ತಿಕ್ಕುವ ಸೋಪು, ನೆಲ ಒರೆಸುವ ದ್ರಾವಣ ಇವುಗಳ ಹೆಸರುಗಳು ನಮ್ಮ ಮಕ್ಕಳ ನಾಲಿಗೆಯಲ್ಲಿ ಸಂಜೆಯ ಪ್ರಾರ್ಥನೆಗಿಂತಲೂ ಮೊದಲೇ ನೆಲೆಸಿರುತ್ತವೆ. ಪುಸ್ತಕವೊಂದು ಬಂದರೆ ವಿಮರ್ಶೆ ಬರೆಯುತ್ತೇವೆ. ಚಲನಚಿತ್ರವೊಂದು ಬಂದರೆ ನೋಡಬಹುದೋ ನೋಡಬಾರದೋ ಎಂದು ಚರ್ಚಿಸುತ್ತೇವೆ. ದಿನಕ್ಕೆ ಹತ್ತಾರು ಬಾರಿ ಅನುಮತಿಯಿಲ್ಲದೆ ಮನೆಯೊಳಗೆ ಬರುವ ಈ ಕಿರುಚಿತ್ರಗಳನ್ನು ಮಾತ್ರ ವಿಮರ್ಶೆಯ ಒರೆಗೆ ಹಚ್ಚುವುದೇ ಇಲ್ಲ. ಇವುಗಳಲ್ಲಿ ಕೆಲವು ನಲವತ್ತು ವರ್ಷ ನೆನಪಿನಲ್ಲಿ ಉಳಿಯುತ್ತವೆ, ಕೆಲವು ತಿಂಗಳೊಳಗೆ ಮರೆಯಾಗುತ್ತವೆ, ಇನ್ನು ಕೆಲವು ಜನರ ಸಿಟ್ಟಿಗೆ ಗುರಿಯಾಗುತ್ತವೆ. ಏಕೆ?

ವ್ಯಾಪಾರದವರು ಇದಕ್ಕೆ ಮಾರಾಟದ ಲೆಕ್ಕದಲ್ಲಿ ಉತ್ತರ ಕೊಡುತ್ತಾರೆ. ಅದು ಅವರ ಮಟ್ಟಿಗೆ ಸರಿ. ನಮಗೆ ಇನ್ನೊಂದು ಅಳತೆಗೋಲೂ ಇದೆ. ವ್ಯಾಟಿಕನ್ನಿನ ಸಮಾಜ ಸಂಪರ್ಕ ಆಯೋಗವು 1997ರ ಫೆಬ್ರವರಿ 22ರಂದು ಜಾಹೀರಾತಿನ ನೈತಿಕತೆಯನ್ನು ಕುರಿತು ಒಂದು ದಸ್ತಾವೇಜನ್ನು ಪ್ರಕಟಿಸಿತು. ಅದು ಜಾಹೀರಾತನ್ನು ಪಾಪವೆಂದು ಜರೆಯುವುದಿಲ್ಲ, ಅದರಿಂದಾಗುವ ಒಳಿತನ್ನು ಒಪ್ಪಿಕೊಂಡೇ ಮುಂದುವರಿಯುತ್ತದೆ. ಬಳಿಕ ಮೂರು ತತ್ವಗಳನ್ನು ಮುಂದಿಡುತ್ತದೆ: ಸತ್ಯನಿಷ್ಠೆ, ಮಾನವವ್ಯಕ್ತಿಯ ಘನತೆ ಮತ್ತು ಸಾಮಾಜಿಕ ಹೊಣೆಗಾರಿಕೆ. ಇವನ್ನು ಬೈಗುಳದ ಕೋಲಾಗಿ ಬಳಸುವುದು ಸುಲಭ. ಮಾಡಿದ ಕೆಲಸ ಚೆನ್ನಾಗಿದೆಯೇ ಎಂದು ನೋಡುವ ವಿಮರ್ಶಕನ ಕಣ್ಣಾಗಿಯೂ ಬಳಸಬಹುದು. ಹಾಗೆ ನೋಡಿದಾಗ ನನಗೆ ಕಾಣುವುದಿಷ್ಟು: ಗೃಹಬಳಕೆಯ ವಸ್ತುವಿನ ಜಾಹೀರಾತು ಬಾಳುವುದು, ಮನೆಗೆಲಸ ಮಾಡುವ ಕೈಗಳನ್ನು ಅದು ಗೌರವದಿಂದ ನೋಡಿದಾಗ. ಆ ಕೈಗಳ ಒಡೆಯರನ್ನು ನಾಚಿಸಲು ಹೊರಟಾಗ ಅದು ಸರಕನ್ನು ಮಾರಿದರೂ ಸೋಲುತ್ತದೆ.

ನಿದರ್ಶನಗಳನ್ನು ನೋಡೋಣ. 1969ರಲ್ಲಿ ಗುಜರಾತಿನಲ್ಲಿ ಸರಕಾರಿ ನೌಕರಿಯಲ್ಲಿದ್ದ ರಸಾಯನಜ್ಞ ಕರ್ಸನ್‌ಭಾಯಿ ಪಟೇಲ್ ತಮ್ಮ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಪುಡಿ ತಯಾರಿಸಿ, ಸೈಕಲ್ಲಿನ ಮೇಲೆ ಹೊತ್ತು ಮನೆಮನೆಗೆ ಮಾರತೊಡಗಿದರು. ಮಗಳು ನಿರುಪಮಾಳ ಹೆಸರಿನಿಂದ ಅದಕ್ಕೆ 'ನಿರ್ಮಾ' ಎಂದು ಹೆಸರಿಟ್ಟರು. ಆಗ ಪ್ರಸಿದ್ಧವಾಗಿದ್ದ ಸರ್ಫ್ ಪುಡಿಯ ಬೆಲೆಯ ಒಂದು ಸಣ್ಣ ಪಾಲಿಗೆ ಅದು ಸಿಗುತ್ತಿತ್ತು. ದೂರದರ್ಶನಕ್ಕೆ ಬಣ್ಣ ಬಂದದ್ದು 1982ರಲ್ಲಿ. ಆ ದಶಕದಲ್ಲಿ ಬಿಳಿಯ ಲಂಗ ತೊಟ್ಟು ತಿರುಗುವ ಹುಡುಗಿಯ ಚಿತ್ರವೂ ಆ ಹಾಡೂ ದೇಶದ ಮೂಲೆಮೂಲೆಗೆ ತಲುಪಿದವು. ಹಿಂದಿ ಬಾರದ ನಮ್ಮ ಹಳ್ಳಿಗಳ ಮಕ್ಕಳೂ ಅದನ್ನು ಗುನುಗಿದರು. ಆ ಹಾಡಿನಲ್ಲಿ ಇದ್ದುದೇನು? ಯಾವ ಊರಿನಲ್ಲಾದರೂ ಸಿಗಬಹುದಾದ ನಾಲ್ವರು ಸಾಮಾನ್ಯ ಹೆಂಗಸರ ಹೆಸರು, ಮತ್ತು ಬಡವರಿಗೂ ಬಿಳಿ ಬಟ್ಟೆ ಸಾಧ್ಯ ಎಂಬ ಭರವಸೆ. ಆ ಭರವಸೆ ಸುಳ್ಳಾಗಿರಲಿಲ್ಲ, ಏಕೆಂದರೆ ಬೆಲೆಯೇ ಅದಕ್ಕೆ ಸಾಕ್ಷಿಯಾಗಿತ್ತು. ಕೊಳ್ಳುವಾಕೆಯ ಹೆಸರು ಹಿಡಿದು ಕರೆದದ್ದು ಆ ಜಾಹೀರಾತಿನ ಮೊದಲ ಗೆಲುವು.

ಈ ಅಗ್ಗದ ಪುಡಿಗೆ ಸರ್ಫ್ ಕೊಟ್ಟ ಉತ್ತರವೂ ಅಷ್ಟೇ ಸ್ವಾರಸ್ಯಕರ. ಅಲೀಕ್ ಪದಂಸೀ ಮುಂದಾಳಾಗಿದ್ದ ಲಿಂಟಾಸ್ ಸಂಸ್ಥೆಯು 'ಲಲಿತಾಜಿ' ಎಂಬ ಗೃಹಿಣಿಯನ್ನು ಸೃಷ್ಟಿಸಿತು. ಕವಿತಾ ಚೌಧರಿ ಆ ಪಾತ್ರ ವಹಿಸಿದರು. ತರಕಾರಿಯವನೊಡನೆ ಚೌಕಾಸಿ ಮಾಡುವ, ಯಾರ ಮಾತಿಗೂ ಸುಲಭವಾಗಿ ಮರುಳಾಗದ, ತುಸು ಬಿರುಸು ನಾಲಿಗೆಯ ಹೆಂಗಸು ಆಕೆ. ಅಗ್ಗದ ವಸ್ತುವನ್ನು ಕೊಳ್ಳುವುದು ಬೇರೆ, ಒಳ್ಳೆಯ ವಸ್ತುವನ್ನು ಕೊಳ್ಳುವುದು ಬೇರೆ ಎಂದು ಆಕೆ ಲೆಕ್ಕ ಹಾಕಿ ತೋರಿಸುತ್ತಿದ್ದಳು. ಆಕೆಯಲ್ಲಿ ವಯ್ಯಾರವಿರಲಿಲ್ಲ, ಗಂಡನ ಮೆಚ್ಚುಗೆಗಾಗಿ ಕಾಯುವ ನೋಟವೂ ಇರಲಿಲ್ಲ. ನಮ್ಮ ಸಂತೆಗಳಲ್ಲಿ ಸೊಪ್ಪಿನ ಕಂತೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡು ಹೆಜ್ಜೆ ಮುಂದೆ ನಡೆದು, ಕೂಗಿ ಕರೆಸಿಕೊಳ್ಳುವ ತಾಯಂದಿರ ಬುದ್ಧಿಯೇ ಆಕೆಯಲ್ಲಿತ್ತು.

ಗಮನಿಸಿ ಓದುಗರೇ, ನಿರ್ಮಾ ಮತ್ತು ಲಲಿತಾಜಿ ವ್ಯಾಪಾರದಲ್ಲಿ ಎದುರಾಳಿಗಳು. ಆದರೂ ಎರಡೂ ಗೆದ್ದವು. ಒಂದು ಹೆಣ್ಣಿನ ಬಡತನವನ್ನು ಗೌರವಿಸಿತು, ಇನ್ನೊಂದು ಆಕೆಯ ವಿವೇಕವನ್ನು ಗೌರವಿಸಿತು. ಎರಡರಲ್ಲಿಯೂ ಕಡೆಯ ತೀರ್ಮಾನ ಆಕೆಯದೇ ಆಗಿತ್ತು.

ಇದರ ಎದುರಿಗೆ ಅದೇ ನಿರ್ಮಾದ ಮತ್ತೊಂದು ಜಾಹೀರಾತನ್ನು ಇಟ್ಟು ನೋಡಿ. 2020ರ ಆರಂಭದಲ್ಲಿ ಪ್ರಸಾರವಾದ ಅದರಲ್ಲಿ ಖ್ಯಾತ ನಟ ಅಕ್ಷಯ್ ಕುಮಾರ್ ಮರಾಠಾ ವೀರನ ವೇಷದಲ್ಲಿ ಯುದ್ಧ ಗೆದ್ದು, ಕೊಳೆಯಾದ ಉಡುಪಿನಲ್ಲಿ ಅರಮನೆಗೆ ಮರಳುತ್ತಾರೆ. ಬಟ್ಟೆ ಒಗೆಯಬೇಕಾದವರು ತಾವೆಂದು ಹೆಂಗಸರು ಗೊಣಗಿದಾಗ ವೀರರು ತಾವೇ ಒಗೆಯಲು ಕೂರುತ್ತಾರೆ. ಗಂಡಸರೂ ಬಟ್ಟೆ ಒಗೆಯಲಿ ಎಂಬ ಒಳ್ಳೆಯ ಮಾತು ಅದರೊಳಗಿತ್ತು. ಆದರೆ ಮರಾಠಾ ಯೋಧರಿಗೆ ಅವಮಾನವಾಯಿತೆಂಬ ದೂರು ಎದ್ದು, ಮಾತೆಲ್ಲ ಆ ಕಡೆಗೇ ಹರಿಯಿತು. ನಾಲ್ವರು ಸಾಮಾನ್ಯ ಹೆಂಗಸರ ಹೆಸರು ಹೇಳಿ ಮನೆಮಾತಾದ ಪುಡಿಗೆ ಈಗ ಕಿರೀಟವೂ ಕತ್ತಿಯೂ ತಾರೆಯೂ ಬೇಕಾದವು! ಕಣ್ಣು ತಾರೆಯ ಮೇಲೆ ನೆಟ್ಟಾಗ ಒಗೆಯುವ ಕಲ್ಲಿನ ಬಳಿ ನಿಂತವಳು ಮರೆಯಾಗುತ್ತಾಳೆ. ಹಳೆಯ ಹಾಡು ಇಂದಿಗೂ ಬಾಯಲ್ಲಿದೆ, ಆದರೆ ಹಾಡು ನೆನಪಿರುವ ಎಲ್ಲ ಮನೆಗಳಲ್ಲಿ ಆ ಪೊಟ್ಟಣವಿಲ್ಲ. ನೆನಪೇ ಮಾರಾಟವಲ್ಲ ಎಂಬ ಪಾಠವೂ ಇದರಲ್ಲಿದೆ.

ಕೊಳೆಯ ಕುರಿತೇ ನಮ್ಮ ಎಣಿಕೆಯನ್ನು ತಲೆಕೆಳಗು ಮಾಡಿದ ಜಾಹೀರಾತು 2005ರಲ್ಲಿ ಬಂತು. ಶಾಲೆಯಿಂದ ಮರಳುವಾಗ ಪುಟ್ಟ ತಂಗಿ ಕೆಸರಿನ ಹೊಂಡದಲ್ಲಿ ಬಿದ್ದು ಅಳುತ್ತಾಳೆ. ಅಣ್ಣ ಆ ಕೆಸರನ್ನೇ ಶತ್ರುವೆಂದು ಬಗೆದು ಗುದ್ದಿ ಗುದ್ದಿ, ಕೊನೆಗೆ ಅದು ಕ್ಷಮೆ ಕೇಳಿತೆಂದು ತಂಗಿಗೆ ಹೇಳುತ್ತಾನೆ. ಸಮವಸ್ತ್ರವೆಲ್ಲ ಕೆಸರು. ಕಲೆಯಾದರೂ ಒಳ್ಳೆಯದೇ ಎಂಬುದು ಸರ್ಫ್ ಎಕ್ಸೆಲ್ ಅಂದು ಹಿಡಿದ ಮಂತ್ರ. ಅದುವರೆಗೆ ಕಲೆಯೆಂದರೆ ತಾಯಿಯ ತಲೆತಗ್ಗಿಸುವ ಸಂಗತಿಯಾಗಿತ್ತು. ಇಲ್ಲಿ ಅದು ಪ್ರೀತಿಯ ಗುರುತಾಯಿತು. ಕನ್ನಡದಲ್ಲಿ 'ಕಲೆ' ಎಂಬ ಒಂದೇ ಪದ ಕೊಳೆಯ ಗುರುತಿಗೂ ಸೃಜನಶೀಲತೆಗೂ ಸಲ್ಲುವುದು ಈ ಸಂದರ್ಭದಲ್ಲಿ ನೆನಪಾಗದಿರದು. ವಸ್ತುವಿನ ಗುಣಗಾನ ಹಿಂದೆ ಸರಿದು ಮಗುವಿನ ಗುಣ ಮುಂದೆ ಬಂದದ್ದರಿಂದಲೇ ಆ ಚಿತ್ರ ಹೃದಯ ಮುಟ್ಟಿತು.

ಅದೇ ಮಂತ್ರವನ್ನು 2019ರ ಹೋಳಿಯ ಸಮಯದಲ್ಲಿ ಮತ್ತೊಂದು ಚಿತ್ರಕ್ಕೆ ಬಳಸಿದರು. ಬಿಳಿ ಉಡುಪಿನ ಹುಡುಗಿಯೊಬ್ಬಳು ಸೈಕಲ್ ತುಳಿಯುತ್ತಾ ಬೀದಿಯ ಮಕ್ಕಳ ಬಣ್ಣವನ್ನೆಲ್ಲ ತನ್ನ ಮೇಲೆ ಸುರಿಸಿಕೊಳ್ಳುತ್ತಾಳೆ. ಬಣ್ಣ ಮುಗಿದ ಮೇಲೆ, ನಮಾಜಿಗೆ ಹೊರಟ ಮುಸ್ಲಿಂ ಗೆಳೆಯನನ್ನು ಕೂರಿಸಿಕೊಂಡು ಅವನ ಬಟ್ಟೆಗೆ ಹನಿಯೂ ತಾಗದಂತೆ ಮಸೀದಿಗೆ ತಲುಪಿಸುತ್ತಾಳೆ. ಇನ್ನೊಬ್ಬನಿಗೆ ಬೀಳಬೇಕಾದದ್ದನ್ನು ತನ್ನ ಮೇಲೆ ತೆಗೆದುಕೊಳ್ಳುವುದು ಕ್ರೈಸ್ತರಾದ ನಮಗೆ ಅಪರಿಚಿತ ಕಲ್ಪನೆಯೇ? ಆದರೂ ಬಹಿಷ್ಕಾರದ ಕೂಗು ಎದ್ದಿತು. ಸಿಟ್ಟಿನ ಭರದಲ್ಲಿ ಕೆಲವರು ಹೆಸರಿನ ಹೋಲಿಕೆಯಿಂದ ಮೋಸಹೋಗಿ, ಲೆಕ್ಕಪತ್ರಕ್ಕೆ ಬಳಸುವ ಮೈಕ್ರೋಸಾಫ್ಟ್ ಎಕ್ಸೆಲ್ ತಂತ್ರಾಂಶಕ್ಕೂ ಕೆಟ್ಟ ಅಭಿಪ್ರಾಯ ಬರೆದು ಬಂದರು! ಸರ್ಫ್ ಎಕ್ಸೆಲ್ ಮಾತ್ರ ಕುಗ್ಗಲಿಲ್ಲ. 2022ರಲ್ಲಿ ಅದರ ವಾರ್ಷಿಕ ವಹಿವಾಟು ನೂರು ಕೋಟಿ ಡಾಲರ್ ದಾಟಿತು. ಗದ್ದಲಕ್ಕೆ ಒಳಗಾದದ್ದೆಲ್ಲ ಸೋತದ್ದು ಎಂದೂ ಹೇಳಲಾಗದು, ಚಪ್ಪಾಳೆ ಗಿಟ್ಟಿಸಿದ್ದೆಲ್ಲ ಗೆದ್ದದ್ದು ಎಂದೂ ಹೇಳಲಾಗದು.

ಇನ್ನು ನಾಚಿಸಿ ಮಾರುವ ಜಾಹೀರಾತುಗಳು. 2010ರಲ್ಲಿ ರಿನ್ ಪುಡಿಯ ಜಾಹೀರಾತೊಂದು ಎದುರಾಳಿ ಟೈಡ್ ಪುಡಿಯ ಪೊಟ್ಟಣವನ್ನೇ ಎತ್ತಿ ತೋರಿಸಿತು. ಶಾಲಾ ಬಸ್ಸಿಗೆ ಕಾಯುವ ಇಬ್ಬರು ತಾಯಂದಿರು, ಒಬ್ಬಳ ಮಗನ ಅಂಗಿ ಬೆಳ್ಳಗೆ, ಇನ್ನೊಬ್ಬಳ ಮಗನದು ಮಂಕು. ಟೈಡ್ ತಯಾರಕರು ಕಲ್ಕತ್ತಾ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು, ಪ್ರಸಾರ ನಿಲ್ಲಿಸುವಂತೆ ಆದೇಶವಾಯಿತು. ನ್ಯಾಯಾಲಯ ನೋಡಿದ್ದು ಒಂದು ಕಂಪನಿಯ ಸರಕಿಗೆ ಆದ ಹಳಿಯುವಿಕೆಯನ್ನು. ಮಂಕು ಅಂಗಿಯ ಹುಡುಗನ ತಾಯಿಗೆ ಆದ ಹಳಿಯುವಿಕೆಯ ಬಗ್ಗೆ ಯಾರೂ ದೂರು ಕೊಡಲಿಲ್ಲ. ಅಂಥವರು ನಮ್ಮ ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ, ಇರುವ ಎರಡೇ ಜೊತೆ ಸಮವಸ್ತ್ರವನ್ನು ರಾತ್ರಿ ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹರವುವ ತಾಯಂದಿರು ಅವರು.

ಶೌಚಾಲಯ ಶುಚಿಗೊಳಿಸುವ ದ್ರಾವಣಗಳ ಜಾಹೀರಾತುಗಳನ್ನೂ ನೆನಪಿಸಿಕೊಳ್ಳಿ. ಸೂಟು ತೊಟ್ಟ ಗಂಡಸೊಬ್ಬ ಕ್ಯಾಮೆರಾ ಸಮೇತ ಮನೆಗೆ ನುಗ್ಗುತ್ತಾನೆ, ಒಡತಿ ಕಕ್ಕಾಬಿಕ್ಕಿಯಾಗುತ್ತಾಳೆ, ಆತ ಆಕೆಯ ಮನೆಯ ಕೊಳೆಯನ್ನು ಆಕೆಗೇ ತೋರಿಸಿ ಪರಿಹಾರವನ್ನು ಕೈಗಿಡುತ್ತಾನೆ. ತಿಕ್ಕುವವಳು ಆಕೆ, ತಿಳಿದವನು ಆತ! ಬಿಳಿ ಕೋಟಿನ 'ತಜ್ಞ', ಸೂಕ್ಷ್ಮದರ್ಶಕದಡಿ ಹಲ್ಲು ಕಿರಿಯುವ ಕೀಟಾಣು, ಗಾಬರಿಗೊಂಡ ತಾಯಿ ಇವೆಲ್ಲ ಇದೇ ಅಚ್ಚಿನವು. ಇಂಥವು ಸರಕನ್ನು ಮಾರುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು. ಭಯವೂ ನಾಚಿಕೆಯೂ ಚೆನ್ನಾಗಿಯೇ ಮಾರುತ್ತವೆ. ಆದರೆ ಲಲಿತಾಜಿಯಂತೆ ಅವುಗಳಿಂದ ಒಂದು ಮುಖ, ಒಂದು ಮಾತು ನೆನಪಿನಲ್ಲಿ ಉಳಿದಿದೆಯೇ? ಅವು ಉಳಿಸಿಹೋಗುವುದು ಅಸ್ಪಷ್ಟವಾದ ಅಳುಕನ್ನು ಮಾತ್ರ. ಮನೆಗೆ ನೆಂಟರು ಬಂದೊಡನೆ ಮೊದಲು ಕ್ಷಮೆ ಕೇಳಿ ಆಮೇಲೆ ಸ್ವಾಗತಿಸುವ ಅಭ್ಯಾಸ ಆ ಅಳುಕಿನಿಂದಲೇ ಬಲಿಯುತ್ತದೆ.

ಈ ನಾಚಿಕೆಯ ಭಾರ ಒಬ್ಬರ ಹೆಗಲ ಮೇಲೆ ಮಾತ್ರ ಏಕೆ ಎಂಬ ಪ್ರಶ್ನೆಯನ್ನು 2015ರಲ್ಲಿ ಏರಿಯಲ್ ಪುಡಿಯ ಜಾಹೀರಾತು ಎತ್ತಿತು: ಬಟ್ಟೆ ಒಗೆಯುವುದು ಹೆಂಗಸಿನ ಕೆಲಸ ಮಾತ್ರವೇ? ಮರುವರ್ಷದ ಚಿತ್ರದಲ್ಲಿ ವೃದ್ಧ ತಂದೆಯೊಬ್ಬ, ಕಚೇರಿಯಿಂದ ಬಂದ ಮಗಳು ಒಬ್ಬಳೇ ಅಡಿಗೆ, ಮಗು, ಬಟ್ಟೆ ಎಂದು ಒದ್ದಾಡುವುದನ್ನು ನೋಡಿ ಅವಳಿಗೆ ಕ್ಷಮಾಯಾಚನೆಯ ಪತ್ರ ಬರೆಯುತ್ತಾನೆ. ನಂತರ ತನ್ನ ಮನೆಗೆ ಮರಳಿ ತನ್ನ ಬಟ್ಟೆಯನ್ನು ತಾನೇ ಯಂತ್ರಕ್ಕೆ ಹಾಕುತ್ತಾನೆ. ಪಶ್ಚಾತ್ತಾಪ ಮಾತಿನಲ್ಲಿ ನಿಲ್ಲದೆ ಕೈಗೆ ಇಳಿದ ಈ ಚಿತ್ರ ನಮ್ಮ ಎಷ್ಟೋ ತಪಸ್ಸುಕಾಲದ ಪ್ರಬೋಧನೆಗಳಿಗಿಂತ ಸ್ಪಷ್ಟವಾಗಿತ್ತು.

ಆದರೆ ಜಾಹೀರಾತಿನ ಗೆಲುವಿಗೂ ಜೀವನದ ಬದಲಾವಣೆಗೂ ನಡುವೆ ದೂರವಿದೆ. ಕೇಂದ್ರ ಸರಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ದುಡಿಯುತ್ತಿದ್ದರು. 2024ರ ಸಮೀಕ್ಷೆಯಲ್ಲಿ ಅದು 289 ಮತ್ತು 88 ನಿಮಿಷ. ಹೆಂಗಸರ ಭಾರ ಹತ್ತು ನಿಮಿಷ ಇಳಿದರೆ, ಗಂಡಸರದೂ ಒಂಬತ್ತು ನಿಮಿಷ ಇಳಿದಿದೆ! ಕಣ್ಣೀರು ಒರೆಸಿಕೊಂಡು ಚಿತ್ರ ನೋಡಿದೆವು, ಪುಡಿಯನ್ನೂ ಕೊಂಡೆವು, ಒಗೆಯುವ ಕೈ ಮಾತ್ರ ಬದಲಾಗಲಿಲ್ಲ. ಇದು ಜಾಹೀರಾತಿನ ಸೋಲಲ್ಲ, ನಮ್ಮದು.

ಕನ್ನಡ ವೀಕ್ಷಕರಾದ ನಮಗೆ ಇನ್ನೊಂದು ಮಾತು ಸಲ್ಲುತ್ತದೆ. ನಾವು ನೋಡುವ ಇಂಥ ಜಾಹೀರಾತುಗಳಲ್ಲಿ ಹೆಚ್ಚಿನವು ಮುಂಬಯಿಯಲ್ಲಿ ಹಿಂದಿಯಲ್ಲಿ ತಯಾರಾಗಿ, ಕನ್ನಡದ ದನಿ ಹೊದ್ದು ಬರುತ್ತವೆ. ಡಬ್ಬಿಂಗ್ ಚಿತ್ರಗಳ ವಿರುದ್ಧ ದಶಕಗಳ ಕಾಲ ನಿಂತ ನಾಡು ಡಬ್ಬಿಂಗ್ ಜಾಹೀರಾತುಗಳನ್ನು ಸದ್ದಿಲ್ಲದೆ ಒಪ್ಪಿಕೊಂಡಿತು. ತುಟಿ ಒಂದು ಹೇಳುತ್ತದೆ, ದನಿ ಇನ್ನೊಂದು ಹೇಳುತ್ತದೆ. ಮಂಡ್ಯದ ತಾಯಿಯೂ ಆಡದ, ಧಾರವಾಡದ ತಾಯಿಯೂ ಆಡದ, ಮಂಗಳೂರಿನ ತಾಯಿಯೂ ಆಡದ ಕನ್ನಡ ಅದು. ಜೊತೆಗೆ, ಹಕ್ಕೊತ್ತಾಯವೆಲ್ಲ ಕನ್ನಡದಲ್ಲಿ ಗಟ್ಟಿಯಾಗಿ, ಷರತ್ತು ಮಾತ್ರ ಪರದೆಯ ಅಡಿಯಲ್ಲಿ ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ! ಷರತ್ತೂ ಹಕ್ಕೊತ್ತಾಯದ ಭಾಷೆಯಲ್ಲಿಯೇ, ಅದೇ ಫಾಂಟ್‌ನ ಅಕ್ಷರಗಳಲ್ಲಿ ಇರಬೇಕೆಂದು 2022ರ ಜೂನ್‌ನಲ್ಲಿ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ಹೊರಡಿಸಿದೆ. ಸತ್ಯನಿಷ್ಠೆ ಎಂಬುದು ಇಷ್ಟು ಸರಳ: ಆಕೆಗೆ ಓದಲು ಬರುವ ಭಾಷೆಯಲ್ಲಿ, ಆಕೆಗೆ ಕಾಣುವಷ್ಟು ದೊಡ್ಡದಾಗಿ ಬರೆಯುವುದು.

ಕಡೆಯದಾಗಿ, ನಮ್ಮ ಪ್ರಭುವಿನ ಸಾಮತಿಗಳತ್ತ ತಿರುಗಿ ನೋಡೋಣ. ಹಿಟ್ಟಿನಲ್ಲಿ ಬೆರೆತ ಹುಳಿ, ಹಳೆಯ ಬಟ್ಟೆಗೆ ಹಾಕಿದ ತೇಪೆ, ಪೀಠದ ಮೇಲಿನ ದೀಪ ಎಲ್ಲವೂ ಮನೆಬಳಕೆಯ ವಸ್ತುಗಳೇ. ಕೇಳಿ ಮುಗಿಸಲು ಅರ್ಧ ನಿಮಿಷ ಸಾಕು. ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಹೆಂಗಸೊಬ್ಬಳು ದೀಪ ಹಚ್ಚಿ, ಮನೆ ಗುಡಿಸಿ, ಕಳೆದುಹೋದ ನಾಣ್ಯವನ್ನು ಹುಡುಕುತ್ತಾಳೆ. ಸಿಕ್ಕಾಗ ನೆರೆಹೊರೆಯವರನ್ನು ಕರೆದು ಸಂತೋಷಪಡುತ್ತಾಳೆ. ಆಕೆಯ ಮನೆಯಲ್ಲಿ ಎಷ್ಟು ಧೂಳಿತ್ತೆಂದು ಯೇಸುಸ್ವಾಮಿ ಕೇಳಲಿಲ್ಲ. ಪೊರಕೆ ಹಿಡಿದ ಆ ಕೈಯಲ್ಲಿ ಅವರು ಕಂಡದ್ದು, ಕಳೆದುಹೋದವರನ್ನು ಹುಡುಕುವ ದೇವರ ಕೈಯನ್ನು.

ಇಂದು ಸಂಜೆ ಜಾಹೀರಾತು ಬಂದಾಗ ರಿಮೋಟನ್ನು ಕ್ಷಣಕಾಲ ಕೆಳಗಿಡಿ. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಇದು ಹೇಳುತ್ತಿರುವುದು ನಿಜವೇ? ಕೆಲಸ ಮಾಡುವವರನ್ನು ಇದು ಎತ್ತುತ್ತಿದೆಯೋ ತಗ್ಗಿಸುತ್ತಿದೆಯೋ? ನೆರೆಮನೆಯವರನ್ನು ಹತ್ತಿರ ತರುತ್ತಿದೆಯೋ, ಅವರ ಅಂಗಿಯ ಮಂಕನ್ನು ಎತ್ತಿ ತೋರಿಸುತ್ತಿದೆಯೋ? ಆಮೇಲೆ ಟಿವಿ ಆರಿಸಿ, ಬಚ್ಚಲಲ್ಲಿ ನೆನೆದಿರುವ ಬಟ್ಟೆ ಯಾರ ಕೈಗಾಗಿ ಕಾಯುತ್ತಿದೆ ಎಂದೂ ಒಮ್ಮೆ ನೋಡಿ.