ಸ್ಥಾವರವನ್ನು ಬರೆಯುವ ಕೈ

ಪ್ರಾಚೀನ ಕಟ್ಟಡಗಳನ್ನು ಚಿತ್ರಿಸುವ ಹಂಬಲ ಕಲಾವಿದರಲ್ಲಿ ಹೊಸದಲ್ಲ. ಆದರೆ ಕಣ್ಣಿಗೊಪ್ಪುವಂತೆ ಬರೆಯುವುದು ಬೇರೆ, ಕಟ್ಟಡವನ್ನು ಅರಿತು ಬರೆಯುವುದು ಬೇರೆ. ಗೋಕಾವಿಯ ಜಲಪಾತವನ್ನು ಚಿತ್ರಿಸುವವರ ಗಮನವೆಲ್ಲ ಬಹುಮಟ್ಟಿಗೆ ಧುಮುಕುವ ನೀರಿನ ಮೇಲೆ, ತೂಗುಸೇತುವೆಯ ಮೇಲೆ. ದಡದಲ್ಲಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರ ದೇಗುಲ ಚಿತ್ರದ ಮೂಲೆಯಲ್ಲೊಂದು ಕಪ್ಪು ಗುರುತಾಗಿ ಉಳಿದುಬಿಡುತ್ತದೆ.

ಈ ಭೇದವನ್ನು ತಿಳಿಯಬಯಸುವವರು 1866ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಬಿಜಾಪುರದ ವಾಸ್ತುಶಿಲ್ಪ ಸಂಪುಟವನ್ನು ಗಮನಿಸಬೇಕು. ಸುರಪುರದ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್ ಅದಕ್ಕೆ ಇತಿಹಾಸದ ಭಾಗವನ್ನೂ ಫರ್ಗುಸನ್ ವಾಸ್ತುವಿನ ಟಿಪ್ಪಣಿಗಳನ್ನೂ ಬರೆದರು. ಟೇಲರ್ ಸ್ವತಃ ಚಿತ್ರ ಬರೆಯುವವರು. ಅವರ ದಖ್ಖನಿನ ರೇಖಾಚಿತ್ರಗಳು 1837ರಲ್ಲಿಯೇ ಅಚ್ಚಾಗಿದ್ದವು. 1866ರ ಹೊತ್ತಿಗೆ ಕ್ಯಾಮರಾ ಬಂದಿತ್ತು. ಆದರೂ ಆ ಸಂಪುಟದಲ್ಲಿ ಸ್ಥಳದಲ್ಲಿ ತೆಗೆದ ಛಾಯಾಚಿತ್ರಗಳ ಜೊತೆಗೆ ಕೈಯಿಂದ ಬರೆದ ಚಿತ್ರಗಳಿಗೂ ಸ್ಥಾನ ದೊರೆಯಿತು. ಕಾರಣ ಸ್ಪಷ್ಟ. ಗೋಲಗುಮ್ಮಟದ ಹೊರಮೈಯನ್ನು ಕ್ಯಾಮರಾ ತೋರಿಸಬಲ್ಲದು. ಚೌಕಾಕಾರದ ಗೋಡೆಗಳ ಮೇಲೆ ದುಂಡಾದ ಗುಮ್ಮಟ ನಿಲ್ಲುವಂತೆ ಒಂದನ್ನೊಂದು ಛೇದಿಸುವ ಕಮಾನುಗಳು ಭಾರವನ್ನು ಹೊರುವ ಬಗೆಯನ್ನು ಪೂರ್ಣವಾಗಿ ತಿಳಿಸುವುದು ಅಳತೆಯಿಂದ ಬರೆದ ಸೀಳುಚಿತ್ರವೇ.

ಆ ಚಿತ್ರಗಳನ್ನು ಬರೆದವರಾರು? ಕ್ಯಾಪ್ಟನ್ ಹಾರ್ಟ್, ಕಮ್ಮಿಂಗ್ ಎಂಬಿಬ್ಬರ ಹೆಸರುಗಳು ಮುಖಪುಟದಲ್ಲಿವೆ. ಅವರೊಡನೆ ದುಡಿದವರನ್ನು 'ದೇಶೀಯ ನಕ್ಷೆಗಾರರು' ಎಂದಷ್ಟೇ ಹೇಳಿದೆ. ಕಾಯಕಕ್ಕೆ ಮಹತ್ವ ಕೊಟ್ಟು, ಅಂಬಿಗರ ಚೌಡಯ್ಯ, ಮಾದಾರ ಚೆನ್ನಯ್ಯರನ್ನು ಅವರವರ ಕಾಯಕದ ಹೆಸರಿನಿಂದಲೇ ಸ್ಮರಿಸುವ ಪರಂಪರೆಯಲ್ಲಿ ಬೆಳೆದ ನಮಗೆ ಈ ಮೌನ ನೋವುಂಟುಮಾಡುತ್ತದೆ. ರೇಖೆ ಉಳಿಯಿತು, ಎಳೆದವನ ಹೆಸರು ಅಳಿಯಿತು.

ಸ್ಥಾವರಕ್ಕೆ ಅಳಿವುಂಟೆಂದು ಬಸವಣ್ಣನವರು ಹೇಳಿರುವಾಗ ಅದನ್ನು ಚಿತ್ರಿಸುವ ಶ್ರಮವೇಕೆಂದು ಕೆಲವರು ಕೇಳಬಹುದು. ಆ ಮಾತು ಕಲ್ಲನ್ನು ನಂಬಿ ಅರಿವನ್ನು ಮರೆಯುವವರಿಗೆ ಹೇಳಿದ್ದು. ಕಲ್ಲುಕುಟಿಗನ ಕಾಯಕವನ್ನು ಮರೆಯಿರೆಂದು ಹೇಳಿದ್ದಲ್ಲ. ಅಳಿವುಂಟೆಂಬ ಕಾರಣಕ್ಕೇ ಚಿತ್ರವೂ ಬೇಕು. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾವಿಗೆ ನುಗ್ಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಕ್ಕೇರಿಯ ಗುಮ್ಮಟಗಳೂ ಆದಿಲಶಾಹಿ ಕಾಲದವೇ. ಬಿಜಾಪುರದ ಸಂಪುಟವನ್ನು ನೋಡಿ ಕಣ್ಣು ಪಳಗಿದವರಿಗೆ ಅವುಗಳ ವಿನ್ಯಾಸ ಹೊಸ ಅರ್ಥ ಕೊಡುತ್ತದೆ. ಮೂಡಲಗಿಯ ಶಿವಬೋಧರಂಗ ಮಠದ ಮಾತು ಬೇರೆ. ಅದು ಭಕ್ತರು ಬಂದುಹೋಗುವ ಜೀವಂತ ನೆಲೆ. ಅಲ್ಲಿ ಅಳತೆಯೊಂದೇ ಸಾಲದು, ಜನರ ಚಲನೆಯೂ ಚಿತ್ರದೊಳಗೆ ಬರಬೇಕು. ಮರದಿಂದ ಮಾಡಿದ ಹಣ್ಣಿಗೆ ನಿಜದ ಬಣ್ಣ ತುಂಬುವ ಆಟಿಕೆಗಾರರ ಊರು ಗೋಕಾವಿ. ಅಂಥ ನಾಡಿನಲ್ಲಿ ಕುಶಲ ಕೈಗಳಿಗೆ ಕೊರತೆಯಿಲ್ಲ. ನಮ್ಮ ಶಾಲೆಗಳ ಚಿತ್ರಕಲಾ ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಈ ಸ್ಥಳಗಳಿಗೆ ಕರೆದೊಯ್ಯಲಿ. ಮೊದಲು ಅಳತೆಪಟ್ಟಿ, ಆಮೇಲೆ ಕುಂಚ. ಬರೆದ ಪ್ರತಿ ಹಾಳೆಯ ಕೆಳಗೆ ಬರೆದವರ ಹೆಸರೂ ದಿನಾಂಕವೂ ತಪ್ಪದೆ ಇರಲಿ.