ಬಿಶಾಪುರ: ಕಂಬದ ಕಾಲವೇ ಊರಿನ ಕಾಲವೇ?

ಇರಾನಿನ ಫಾರ್ಸ್ ಪ್ರಾಂತ್ಯದ ಕೋಟೆನಗರ ಬಿಶಾಪುರವನ್ನು ಕ್ರಿ.ಶ. 266ರಲ್ಲಿ ಕಟ್ಟಿದ್ದು ಅಂತ ಓದುತ್ತೇವೆ. ನಾನೂ ಹಾಗೇ ನಂಬಿದ್ದೆ. ಆಧಾರವಾಗಿ ತೋರಿಸೋದು ಮುಖ್ಯ ಬೀದಿಗಳು ಕೂಡುವಲ್ಲಿರುವ ಜೋಡಿಕಂಬದ ಶಾಸನವನ್ನು. ಪಹ್ಲವಿ, ಪಾರ್ಥಿಯನ್ ಭಾಷೆಗಳ ಆ ಶಾಸನ ಹೇಳೋದಿಷ್ಟು: ಲಿಪಿಕಾರ ಅಪಸಾಯ್ ದೊರೆ ಒಂದನೇ ಶಾಪುರನ ಪ್ರತಿಮೆ ನಿಲ್ಲಿಸಿದ, ದೊರೆ ಮೆಚ್ಚಿ ಚಿನ್ನ, ಬೆಳ್ಳಿ, ತೋಟ ಕೊಟ್ಟ. ನಗರ ಕಟ್ಟಿದ ಮಾತೇ ಇಲ್ಲ! ಅದರಲ್ಲಿರುವ ‘ವರ್ಷ 58’ ಕೂಡ ಕೆಲವರ ಲೆಕ್ಕದಲ್ಲಿ 262.

ತಂದೆ ಅರ್ದಶೀರನ ಗೋರ್ ದುಂಡನೆಯ ಊರು. ಮಗನದು ನೇರ ಬೀದಿಗಳದ್ದು. ಹಾಗಾಗಿ 260ರಲ್ಲಿ ಸೆರೆಸಿಕ್ಕ ರೋಮನ್ನರೇ ಕಟ್ಟಿದರು ಅನ್ನುತ್ತಾರೆ. ಕಂಬ 262ರದಾದರೆ ಉಳಿಯೋದು ಎರಡೇ ವರ್ಷ. ಅಷ್ಟರಲ್ಲಿ ಕೋಟೆ, ಬೀದಿ, ಅರಮನೆ ಎಲ್ಲವೂ? ಎಂಜಿನಿಯರ್ ಆಗಿ ನನಗೆ ಒಪ್ಪಲು ಕಷ್ಟ. ಅವರು ಕೆಲಸಕ್ಕೆ ಕೈಜೋಡಿಸಿರಬಹುದು. ಕಂಬವನ್ನು ಮಾತ್ರ ಅದಕ್ಕೆ ಸಾಕ್ಷಿ ಮಾಡಬೇಡಿ.