ಎತ್ತಿನ ಹೆಗಲು, ಆಚಾರಿಯ ಬಾಚಿ

ಒಳ್ಳೆಯ ಗಾಲಿಯನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಗಾಡಿ ಕೊಳ್ಳಲು ಬಂದ ಅನುಭವಸ್ಥ ರೈತ ಬಣ್ಣ ನೋಡುವುದಿಲ್ಲ, ಕೆತ್ತನೆಯ ಹೂಬಳ್ಳಿಯನ್ನೂ ನೋಡುವುದಿಲ್ಲ. ಗಾಲಿಯನ್ನು ನೆಲದಿಂದ ಎತ್ತಿಸಿ, ಅರೆಕಾಲುಗಳಿಗೆ, ಅಂದರೆ ಗಾಲಿಯ ನಡುವಿನಿಂದ ಅಂಚಿಗೆ ಚಾಚಿದ ಕಡ್ಡಿಗಳಿಗೆ, ಒಂದೊಂದಾಗಿ ತಟ್ಟುತ್ತಾ ಸುತ್ತು ಬರುತ್ತಾನೆ. ಎಲ್ಲ ಅರೆಕಾಲುಗಳೂ ಬಿಗಿಯಾಗಿ ಕೂತಿದ್ದರೆ ಸದ್ದು ಗಟ್ಟಿಯಾಗಿ, ಒಂದೇ ಸಮನಾಗಿ ಬರುತ್ತದೆ. ಒಂದು ಸಡಿಲಿದ್ದರೂ ಅಲ್ಲಿ ಸದ್ದು ಸತ್ತುಹೋಗುತ್ತದೆ. ಆ ಗಾಲಿಗೆ ಅವನು ದುಡ್ಡು ಕೊಡುವುದಿಲ್ಲ.

ಇಂಥ ಕಿವಿಯನ್ನು ಬೆಳೆಸಿದ ಸೀಮೆ ದಾವಣಗೆರೆ ಜಿಲ್ಲೆ. 1997ರಲ್ಲಿ ಈ ಜಿಲ್ಲೆ ಆದಾಗ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ನಕ್ಷೆಯ ಮೇಲೆ ಒಂದೇ ಜಿಲ್ಲೆಯಾದರೂ ಮರ ನೋಡುವವರ ಕಣ್ಣಿಗೆ ಇಲ್ಲಿ ಎರಡು ಲೋಕಗಳಿವೆ. ಚನ್ನಗಿರಿಯ ಉಬ್ರಾಣಿ, ಮಾವಿನಕಟ್ಟೆ ಕಡೆಗೂ ನ್ಯಾಮತಿಯ ಶಿವಮೊಗ್ಗದ ಗಡಿಗೂ ಮಲೆನಾಡಿನ ಸೆರಗು ತಾಕುತ್ತದೆ. ಅಲ್ಲಿ ತೇಗ, ಮತ್ತಿ, ಹೊನ್ನೆ, ದಿಂಡಿಗ. ಜಗಳೂರು ಬರದ ಸೀಮೆ. ಅಲ್ಲಿ ಹೊಲದ ಬದುವಿನ ಕರಿಜಾಲಿ, ಬೇವು, ರಂಗಯ್ಯನದುರ್ಗದ ಕುರುಚಲು ಕಾಡು. ನಡುವೆ ತುಂಗಭದ್ರೆಯ ದಂಡೆಯಲ್ಲಿ ಹೊನ್ನಾಳಿ. ಒಂದು ಕಡೆ ಎತ್ತರದ ನೇರ ಮರ, ಇನ್ನೊಂದು ಕಡೆ ಗಿಡ್ಡಗೆ ಬೆಳೆದ ಬಿರುಸಾದ ಮರ. ಗಾಡಿ ಮಾಡುವ ಬಡಗಿಗೆ, ಅಂದರೆ ಆಚಾರಿಗೆ, ಎರಡೂ ಬೇಕು.

ಮರವನ್ನು ಎಳೆದು ತರುವವರು ಯಾರು? ಉತ್ತರ ಯುರೋಪಿನಲ್ಲಿ ಈ ಪ್ರಶ್ನೆಗೆ ಕುದುರೆ ಎಂಬ ಉತ್ತರ ಬರುತ್ತದೆ. ನಮ್ಮ ಕಡೆ ಕುದುರೆ ದಂಡಿನದು, ಜಟಕಾದ್ದು. ನೆಲ ಉತ್ತದ್ದು, ಹೊರೆ ಹೊತ್ತದ್ದು, ದಿಮ್ಮಿ ಎಳೆದದ್ದು ಎತ್ತು. ಅದರಲ್ಲೂ ಈ ಸೀಮೆಗೆ ನೆರೆಯಲ್ಲೇ ಅಮೃತ್ ಮಹಲ್ ಇತ್ತು. ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನ ಸಾಕುವ ಇಲಾಖೆಯನ್ನು ಟಿಪ್ಪು ಸುಲ್ತಾನ್ ಅಮೃತ್ ಮಹಲ್ ಎಂದು ಕರೆದ. ಹಾಲಿನ ಹೆಸರು ಹೊತ್ತ ಆ ಇಲಾಖೆ ಸಾಕಿದ್ದು ಫಿರಂಗಿ ಎಳೆಯುವ ಎತ್ತುಗಳನ್ನು. 1781ರಲ್ಲಿ ಹೈದರಾಲಿಯ ಸೈನ್ಯ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರ ಬರಹಗಳಲ್ಲಿದೆ. ಚನ್ನಗಿರಿಗೆ ಹತ್ತಿರದ ಅಜ್ಜಂಪುರದಲ್ಲಿ 1929ರಿಂದ ತಳಿ ಸಂವರ್ಧನಾ ಕೇಂದ್ರ ನಡೆಯುತ್ತಿದೆ. ಬೀರೂರಿನ ಕಾವಲಿನಲ್ಲಿ ಹೋರಿ ಕರುಗಳ ಹರಾಜಾದಾಗ ದಾವಣಗೆರೆ, ಹಾವೇರಿ ಕಡೆಯ ರೈತರೂ ಹೋಗಿ ಕೂಗುತ್ತಾರೆ.

ಹೆಗಲಿನ ಲೆಕ್ಕ ತಿಳಿದರೆ ಆಚಾರಿಯ ಬೆಲೆ ತಾನೇ ತಿಳಿಯುತ್ತದೆ. ಎತ್ತು ತನ್ನ ಮೈತೂಕದ ಹತ್ತನೇ ಒಂದು ಪಾಲಿನಷ್ಟು ಬಲವನ್ನು ದಿನವಿಡೀ ಹಾಕಬಲ್ಲದು. ತಲಾ 500 ಕೆಜಿಯ ಜೋಡಿಯೆಂದರೆ 100 ಕೆಜಿಯ ಎಳೆತ. ಇನ್ನು ದಿಮ್ಮಿ. 3 ಮೀಟರ್ ಉದ್ದ, 40 ಸೆಂ.ಮೀ. ದಪ್ಪದ ಹಸಿ ಮತ್ತಿಯ ದಿಮ್ಮಿ ಸುಮಾರು 400 ಕೆಜಿ ತೂಗುತ್ತದೆ. ಅದನ್ನು ಬರಿ ನೆಲದ ಮೇಲೆ ಎಳೆಯಲು ಹೆಚ್ಚೂಕಡಿಮೆ ಅದರ ಅರ್ಧ ತೂಕದಷ್ಟು ಬಲ ಬೇಕು. ಎಂದರೆ ಜೋಡಿ ದಿನವಿಡೀ ಹಾಕಬಲ್ಲ ಬಲದ ಎರಡರಷ್ಟು. ಒಂದಿಷ್ಟು ದೂರ ಎಳೆದಾವು, ನಿಂತು ಉಸಿರು ಬಿಟ್ಟಾವು, ಮತ್ತೆ ಎಳೆದಾವು. ದಿಮ್ಮಿಯ ಮುಂತುದಿಯನ್ನು ನೆಲ ಬಿಡಿಸಿ ಎತ್ತಿ ಕಟ್ಟಿದರೆ ಭಾರ ತಗ್ಗುತ್ತದೆ. ಅದೇ ದಿಮ್ಮಿ ಗಾಡಿಯ ಮೇಲೆ ಕೂತಿತೆಂದರೆ ಗಟ್ಟಿ ದಾರಿಯಲ್ಲಿ ಅದರ ಹತ್ತನೇ ಒಂದು ಪಾಲಿನಷ್ಟು ಬಲವೂ ಬೇಡ. ಎತ್ತಿನ ಕಷ್ಟವನ್ನು ಐದು ಪಟ್ಟು ಇಳಿಸಿದ್ದು ಗಾಲಿ ಕಟ್ಟಿದವನ ಕೈ. ಇದಕ್ಕಿಂತ ದೊಡ್ಡ ಜೀವದಯೆಯ ಕೆಲಸ ಹಳ್ಳಿಯಲ್ಲಿ ಇನ್ನೊಂದಿರಲಿಲ್ಲ.

ಎತ್ತಿಗೆ ಮೀರಿದ ನಾಟಾ ಆನೆಯ ಪಾಲು. ಶಿವಮೊಗ್ಗದ ಗಾಜನೂರಿನ ಬಳಿಯ ಸಕ್ರೆಬೈಲು ಬಿಡಾರಕ್ಕೆ ಈಗ ಮಕ್ಕಳು ಆನೆ ಸ್ನಾನ ನೋಡಲು ಹೋಗುತ್ತಾರೆ. ಆ ಬಿಡಾರದ ಹಿಂದಿನ ತಲೆಮಾರಿನ ಆನೆಗಳು ದಿಮ್ಮಿ ಎಳೆಯುವ ಕೂಲಿಗಳಾಗಿದ್ದವು. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯ ಕುಲುಮೆ ಉರಿದದ್ದು ಇದ್ದಿಲಿನಿಂದ. ಸುತ್ತಲ ಕಾಡಿನ ಸೌದೆ ರಾಶಿರಾಶಿಯಾಗಿ ಅಲ್ಲಿಗೆ ಇಳಿಯಿತು. ಆ ಕಡಿತದ ನೆನಪು ಹೆಮ್ಮೆಯದ್ದೇನಲ್ಲ. ಮರ ಎಳೆಯುವ ಜಾಣ್ಮೆಯನ್ನು ಮೆಚ್ಚುವಾಗ ಎಷ್ಟು ಕಾಡು ಬೋಳಾಯಿತು ಎಂಬುದನ್ನೂ ಮರೆಯಬಾರದು.

ಆದರೆ ಹಳ್ಳಿಯ ಆಚಾರಿ ಕಾಡು ಬೋಳಿಸಿದವನಲ್ಲ. ಅವನಿಗೆ ಬೇಕಾದದ್ದು ಒಂದೊಂದೇ ಮರ, ಅದೂ ಕೆಲಸಕ್ಕೆ ತಕ್ಕ ಮರ. ಗುಂಬಕ್ಕೆ, ಅಂದರೆ ಅರೆಕಾಲುಗಳೆಲ್ಲ ಬಂದು ಕೂಡುವ ಗಾಲಿಯ ನಡುಭಾಗಕ್ಕೆ, ಕರಿಜಾಲಿಯೇ ಆಗಬೇಕು. ಸುತ್ತಲೂ ತೂತು ಕೊರೆದರೂ ಅದು ಸೀಳುವುದಿಲ್ಲ. ಮರದ ಅಚ್ಚಿಗೆ ದಿಂಡಿಗ, ಬಾಗಿದರೂ ಮುರಿಯದ ಮರ. ನೊಗಕ್ಕೆ ಹಗುರ ಮರ, ಹೆಗಲಿಗೆ ತಾಗುವಲ್ಲಿ ಗಂಟಿರಬಾರದು. ತೇಗವನ್ನು ಆಚಾರಿ ಬಾಗಿಲಿಗೆ, ತೊಟ್ಟಿಲಿಗೆ ಎತ್ತಿಡುತ್ತಿದ್ದ. ಇಂದು ಜಗಳೂರಿನ ಬಯಲಲ್ಲಿ ಎಲ್ಲೆಲ್ಲೂ ಕಾಣುವ ಬಳ್ಳಾರಿ ಜಾಲಿಯನ್ನು ಕರಿಜಾಲಿಯೆಂದು ತಿಳಿಯಬಾರದು. ಅದು ಹೊರಗಿನಿಂದ ಬಂದು ಹಬ್ಬಿದ ಗಿಡ, ಇದ್ದಿಲಿಗೆ ಸರಿ. ಅದರ ಸೊಟ್ಟ ಕಾಂಡದಲ್ಲಿ ಗುಂಬ ಹುಟ್ಟುವುದಿಲ್ಲ.

ಕಡಿದ ಜಾಲಿಯನ್ನು ಹಾಗೇ ಬಳಸುವಂತಿಲ್ಲ. ಕೆರೆಯ ಕೆಸರಲ್ಲಿ ತಿಂಗಳುಗಟ್ಟಲೆ ಹೂತಿಡುತ್ತಾರೆ. ಹುಳು ತಿನ್ನಲು ಬರುವ ಪಿಷ್ಟ ನೀರಿನಲ್ಲಿ ಕರಗಿ ಹೋಗುತ್ತದೆ. ಆಮೇಲೆ ನೆರಳಲ್ಲಿ ಒಣಗಿಸುವುದು. ಅವಸರ ಮಾಡಿ ಬಿಸಿಲಿಗೆ ಹಾಕಿದರೆ ಮರ ಬಿರಿಯುತ್ತದೆ. ಅಮಾವಾಸ್ಯೆಯ ಆಸುಪಾಸಿನಲ್ಲಿ ಕಡಿದ ಮರಕ್ಕೆ ಹುಳು ಬೀಳದು ಎಂಬ ನಂಬಿಕೆಯನ್ನೂ ಹಳಬರು ಬಿಡುತ್ತಿರಲಿಲ್ಲ.

ಗಾಲಿ ಕಟ್ಟುವುದು ಒಬ್ಬನ ಕೆಲಸವಲ್ಲ. ಬಾಚಿಯಲ್ಲಿ ಕೆತ್ತಿ, ಉಳಿ-ಕೊಡತಿಯಲ್ಲಿ ತೂತು ಹೊಡೆದು, ಅರೆಕಾಲುಗಳನ್ನು ಗುಂಬಕ್ಕೆ ಬಡಿದು ಕೂರಿಸುವವರೆಗೆ ಆಚಾರಿ. ಸಾಮಾನ್ಯವಾಗಿ 12 ಅರೆಕಾಲು. ಅಂಚಿಗೆ 6 ಬಾಗು ತುಂಡು, ಒಂದೊಂದು ತುಂಡಿಗೆ ಎರಡೆರಡು ಅರೆಕಾಲಿನ ತುದಿ. ಈ ತುಂಡುಗಳ ನಡುವೆ ಕೂದಲೆಳೆಯ ಸಂದು ಬಿಡಲೇಬೇಕು. ಬಿಡದಿದ್ದರೆ ಅಂಚಿನ ಸುತ್ತ ತೊಡಿಸುವ ಕಬ್ಬಿಣದ ಹಳಿ ಎಷ್ಟು ಒತ್ತಿದರೂ ಒತ್ತಡ ಅಂಚಿನಲ್ಲೇ ನಿಂತುಬಿಡುತ್ತದೆ, ಅರೆಕಾಲಿನವರೆಗೆ ಇಳಿಯುವುದಿಲ್ಲ. ಹೊಸಬರು ತಪ್ಪುವುದು ಇಲ್ಲೇ. ಅವರಿಗೆ ಸಂದಿಲ್ಲದ ಗಾಲಿ ಚೆಂದ ಕಾಣುತ್ತದೆ.

ಇಲ್ಲಿಂದ ಮುಂದೆ ಕಮ್ಮಾರನ ಸರದಿ. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಬೆರಳಗಲ ಚಿಕ್ಕದಾಗಿಯೇ ಬಾಗಿಸಿ ಬೆಸೆದಿರುತ್ತಾನೆ. ನೆಲದ ಮೇಲೆ ಹಳಿಯನ್ನಿಟ್ಟು ಸುತ್ತಲೂ ಬೆರಣಿ ಒಟ್ಟಿ ಬೆಂಕಿ ಕೊಡುತ್ತಾರೆ. 15 ಅಡಿ ಸುತ್ತಳತೆಯ ಹಳಿ 600 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು ಒಂದೂಕಾಲು ಇಂಚು ಹಿಗ್ಗುತ್ತದೆ. ಕೆಂಪಗೆ ಕಾದ ಅದನ್ನು ಮೂರ್ನಾಲ್ಕು ಜನ ಇಕ್ಕಳದಲ್ಲಿ ಎತ್ತಿ, ಓಡಿ ಬಂದು, ಮಲಗಿಸಿದ ಗಾಲಿಯ ಮೇಲೆ ಇಳಿಸುತ್ತಾರೆ. ಮರ ಭಗ್ಗೆಂದು ಹೊತ್ತಿಕೊಳ್ಳುತ್ತದೆ. ಆ ಗಳಿಗೆಯಲ್ಲಿ ತಡವರಿಸಿದರೆ ತಿಂಗಳ ದುಡಿಮೆ ಇದ್ದಿಲಾಗುತ್ತದೆ. ಕೊಡಗಟ್ಟಲೆ ನೀರು ಸುರಿಯುತ್ತಿದ್ದಂತೆ ಹೊಗೆಯೊಳಗಿಂದ ಚಟಚಟ ಸದ್ದು, ಅರೆಕಾಲುಗಳು ಗುಂಬದೊಳಕ್ಕೆ ಇನ್ನಷ್ಟು ಹೂಳುವ ಸದ್ದು. ಮೊಳೆ ಇಲ್ಲ, ಅಂಟಿಲ್ಲ. ಕಬ್ಬಿಣ ಕುಗ್ಗಿದ ಬಲದಲ್ಲೇ 19 ತುಂಡು ಮರ ಒಂದಾಗುತ್ತದೆ. ಬೇಸಿಗೆಯಲ್ಲಿ ಮರ ಒಣಗಿ ಹಳಿ ಸಡಿಲಿದರೆ ಗಾಲಿಯನ್ನು ರಾತ್ರಿ ಕೆರೆಯಲ್ಲಿ ನೆನೆಹಾಕುವುದು ಗಾಡಿಯವರು ಕಂಡುಕೊಂಡ ಉಪಾಯ.

ಈ ದುಡಿಮೆಗೆ ಸಿಗುತ್ತಿದ್ದದ್ದು ಆಯ. ಸುಗ್ಗಿಯಲ್ಲಿ ಕಣದಿಂದಲೇ ಆಚಾರಿಗೆ, ಕಮ್ಮಾರನಿಗೆ ಕಾಳು ಅಳೆದು ಕೊಡುವ ಕ್ರಮ. ಅದಕ್ಕೆ ಬದಲಾಗಿ ವರ್ಷವಿಡೀ ನೇಗಿಲು, ಕುಂಟೆ, ಕೂರಿಗೆಯ ರಿಪೇರಿ ಅವರದು. ಮಳೆ ಹೋದ ವರ್ಷ ಕಾಳೂ ಹೋಗುತ್ತಿತ್ತು. ಜಗಳೂರಿನಂಥ ಕಡೆ ಈ ಪಾಡು ಎಷ್ಟು ಸಲ ಬಂದಿರಬೇಕು.

ಅದೇ ಬರದ ಸೀಮೆಯ ಮರಗೆಲಸದ ಮುಕುಟ ಕೂರಿಗೆ. ಹದ ಮಳೆ ಬಿದ್ದು ತೇವ ಆರುವ ಮೊದಲು ಬಿತ್ತಿ ಮುಗಿಸಬೇಕಾದ ನೆಲಕ್ಕೆ ಇದಕ್ಕಿಂತ ಜಾಣ ಸಾಧನ ಹುಟ್ಟಿಲ್ಲ. ಬಟ್ಟಲಿಗೆ ಹಾಕಿದ ಕಾಳು ಸೆಡ್ಡೆ ಎಂಬ ಬಿದಿರಿನ ಕೊಳವೆಗಳಲ್ಲಿ ಇಳಿದು, ತಾಳು ಸೀಳಿದ ಸಾಲಿಗೆ ಬೀಳುತ್ತದೆ. ಕೈಚಳಕವೆಲ್ಲ ಅಂಗೈಯಗಲದ ಆ ಬಟ್ಟಲಲ್ಲಿದೆ. ತೂತುಗಳು ನಡುವಿನಿಂದ ಒಂದೇ ದೂರದಲ್ಲಿ, ಒಂದೇ ಅಳತೆಯಲ್ಲಿ, ಒಂದೇ ಓರೆಯಲ್ಲಿ ಇರಬೇಕು. ಒಂದು ತೂತು ತುಸು ದೊಡ್ಡದಾದರೆ ಒಂದು ಸಾಲು ದಟ್ಟ, ಪಕ್ಕದ್ದು ಬೋಳು. ಪೈರು ಮೊಳೆತ ಮೇಲೆ ಆಚಾರಿಯ ತಪ್ಪನ್ನು ಊರೆಲ್ಲ ಹೊಲದಲ್ಲಿ ಓದುತ್ತಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತನ್ನ ಪ್ರವಾಸ ಗ್ರಂಥದಲ್ಲಿ ಕೂರಿಗೆಯನ್ನು ಹೆಸರಿಟ್ಟೇ ದಾಖಲಿಸಿದ್ದಾನೆ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. ರಬ್ಬರ್ ಟೈರಿನ ಗಾಡಿ ಬಂತು, ಗುಂಬ ಕಡೆಯುವ ಕೆಲಸ ನಿಂತಿತು. ಟ್ರ್ಯಾಕ್ಟರ್ ಬಂತು, ಎತ್ತುಗಳೇ ಕಡಿಮೆಯಾದವು. 1976ರ ಮರ ಸಂರಕ್ಷಣಾ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ, 1996ರ ಡಿಸೆಂಬರ್‌ನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಒಂದರ ಮೇಲೊಂದು ಬಂದು ಕಾಡಿನ ಕಡಿತಕ್ಕೆ ಕಡಿವಾಣ ಹಾಕಿದವು. ಅದು ಆಗಬೇಕಾದದ್ದೇ. 1970ರ ದಶಕದಲ್ಲಿ ಬೆಂಗಳೂರಿನ ಐಐಎಂ ನಿರ್ದೇಶಕರಾಗಿದ್ದ ಪ್ರೊ. ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ಹೊಸದಾಗಿ ರೂಪಿಸಬೇಕೆಂದು, ಹೆಗಲು ಹುಣ್ಣಾಗದ ನೊಗ ಬೇಕೆಂದು ಹೋರಾಡಿದರು. ದೇಶ ಅವರ ಮಾತನ್ನು ಕೇಳುವ ಹೊತ್ತಿಗೆ ಗಾಡಿಯೇ ದಾರಿಯಿಂದ ಇಳಿಯತೊಡಗಿತ್ತು. ಈಗ ಹಳೇ ಗಾಲಿಗಳು ಹೆದ್ದಾರಿ ಹೋಟೆಲುಗಳ ಗೋಡೆಗೆ ಒರಗಿವೆ.

ಇಷ್ಟೆಲ್ಲ ಆದಮೇಲೂ ದಿಮ್ಮಿ ಎಳೆಯುವ ಎತ್ತಿಗೆ ಈ ಜಿಲ್ಲೆಯಲ್ಲೇ ಒಂದು ಕೆಲಸ ಕಾದಿದೆ. ಯುರೋಪಿನ ಕೆಲವೆಡೆ ದಿಮ್ಮಿ ಎಳೆಯಲು ಕುದುರೆಯನ್ನು ಕಾಡಿಗೆ ಮರಳಿ ಕರೆತಂದಿದ್ದಾರೆ, ಅದು ಹಳತಿನ ಮೋಹಕ್ಕಲ್ಲ. ಭಾರದ ಯಂತ್ರ ಓಡಾಡಿದ ಕಡೆ ಮಣ್ಣು ಗಟ್ಟಿಯಾಗಿ ನೀರು ಇಂಗುವುದಿಲ್ಲ, ಉಳಿದ ಮರಗಳ ಬೇರು ಜಜ್ಜಿಹೋಗುತ್ತದೆ. ಇಕ್ಕಟ್ಟಿನಲ್ಲಿ ಒಂದೊಂದೇ ಮರ ತೆಗೆಯುವಾಗ ಕುದುರೆಯೇ ವಾಸಿ ಎಂದು ಬ್ರಿಟನ್, ಬೆಲ್ಜಿಯಂ, ಸ್ವೀಡನ್‌ಗಳಲ್ಲಿ ಕಂಡುಕೊಂಡರು. ಚನ್ನಗಿರಿಯ ಅಡಿಕೆ ತೋಟ ಇದಕ್ಕಿಂತ ಇಕ್ಕಟ್ಟು. ಸಾಲಿನಿಂದ ಸಾಲಿಗೆ 9 ಅಡಿ, ನಡುವೆ ಬಸಿಗಾಲುವೆ, ಮೇಲುಮಣ್ಣಲ್ಲೇ ಹರಡಿದ ಬೇರು. ಈ ತೋಟಗಳ ಅಂಚಿನಲ್ಲಿ ರೈತರು ತೇಗ, ಸಿಲ್ವರ್ ಓಕ್, ಮಹಾಗನಿ, ಹೆಬ್ಬೇವು ನೆಟ್ಟಿದ್ದಾರೆ. 2011ರಲ್ಲಿ ಶುರುವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇಂಥ ನೆಡುತೋಪಿಗೆ ಬೆನ್ನು ತಟ್ಟಿತು. ಆ ಮರಗಳು ಕಡಿಯುವ ವಯಸ್ಸಿಗೆ ಬರುತ್ತಿವೆ. ಟ್ರ್ಯಾಕ್ಟರ್ ಒಳಗೆ ನುಗ್ಗಿದರೆ ಕಾಲುವೆ ಮುಚ್ಚುತ್ತದೆ, ಇಪ್ಪತ್ತು ವರ್ಷದ ಅಡಿಕೆ ಮರಕ್ಕೆ ಪೆಟ್ಟು ಬೀಳುತ್ತದೆ. ಸಾಧುವಾದ ಒಂದೇ ಎತ್ತು, ಒಂಟಿ ಎತ್ತಿಗೆ ಹೊಂದುವ ಕೊರಳಪಟ್ಟಿ, ಒಂದು ಸರಪಳಿ, ದಿಮ್ಮಿಯ ಮುಂತುದಿ ಎತ್ತಿ ಹಿಡಿಯುವ ಎರಡು ಗಾಲಿಯ ಪುಟ್ಟ ಚೌಕಟ್ಟು ಇದ್ದರೆ ಕೆಲಸ ಸಾಗುತ್ತದೆ.

ಆ ಚೌಕಟ್ಟನ್ನು ಮಾಡುವವರು ಬೇಕಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಇದ್ದಾನೆ, ಕಮ್ಮಾರನೂ ಇದ್ದಾನೆ. ತರಬೇತಿ ಇದೆ, ಉಪಕರಣಕ್ಕೆ 15,000 ರೂಪಾಯಿ ಇದೆ. ಗಾಲಿ ಕಟ್ಟುವವರಿಗೆ ಮಾತ್ರ ಅದರಲ್ಲಿ ಬೇರೆ ಸಾಲಿಲ್ಲ. ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆ ಮನಸ್ಸು ಮಾಡಿದರೆ ಹೊನ್ನಾಳಿ, ನ್ಯಾಮತಿಯ ಎಳೆಯ ಬಡಗಿಗಳನ್ನು ಗಾಲಿ ಕಟ್ಟಿದ ಹಿರಿಯ ಆಚಾರಿಗಳ ಜೊತೆ ಕೂರಿಸಬಹುದು, ಒಬ್ಬ ಕಮ್ಮಾರನನ್ನೂ ಕರೆಸಬಹುದು. ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ಇದಕ್ಕೆ ಸರಿಯಾದ ಕಾಲ. ಮರ ಚೆನ್ನಾಗಿ ಒಣಗಿರುತ್ತದೆ, ಹಳಿ ಕಟ್ಟಿದರೆ ಬಿಗಿ ನಿಲ್ಲುತ್ತದೆ. ಹದ ಮಳೆ ಬೀಳುವವರೆಗೆ ಎತ್ತುಗಳಿಗೂ ಹೊಲದ ಕೆಲಸ ಇರುವುದಿಲ್ಲ.